ವಂದನಾರ್ಪಣೆಯಲ್ಲಿ ಹೇಳಿದ ಹೆಸರುಗಳು

ನಮ್ಮ ಕನ್ನಡ ಸಂಘದಲ್ಲಿ ವಂದನಾರ್ಪಣೆ ಎಂದರೆ ನಾನು. ಹಾಡುವವರು, ಕುಣಿಯುವವರು, ನಾಟಕ ಆಡಿಸುವವರು ವರ್ಷ ವರ್ಷ ಬದಲಾಗುತ್ತಾರೆ. ಕೊನೆಯಲ್ಲಿ ಮೈಕು ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳುವ ಕೆಲಸ ಮಾತ್ರ ಇಪ್ಪತ್ತು ವರ್ಷ ಈ ಇಂದುವಿನದೇ ಆಗಿತ್ತು. ಆ ಹೊತ್ತಿಗೆ ಜನರ ಕಣ್ಣು ಊಟದ ಸಾಲಿನ ಮೇಲಿರುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೆ ಒಂದು ಹೆಸರು ಬಿಟ್ಟುಹೋಗಲಿ, ಆರು ತಿಂಗಳು ಮುಖ ಊದಿಸಿಕೊಂಡು ಓಡಾಡುತ್ತಾರೆ. ಕುರ್ಚಿ ಹಾಕಿದವರು, ಮೊಸರನ್ನ ಕಲಸಿದವರು, ಮೈಸೂರಿನಿಂದ ಬಂದ ಅವರ ಅಪ್ಪ ಅಮ್ಮ, ಎಲ್ಲರನ್ನೂ ಊರು ಸಮೇತ ನೆನೆಯಬೇಕು. ನೆನೆಯುತ್ತಿದ್ದೆ. ಅದೂ ಚೀಟಿ ನೋಡದೆ. ಅದೊಂದು ಜಂಬ ನನಗೆ.

ಆ ಜಂಬದಿಂದ ಏನಾಯಿತೆಂದು ಹೇಳುತ್ತೇನೆ. ಇದರಲ್ಲಿ ಬರುವ ಒಬ್ಬನನ್ನು ನಸ್ರತ್ ಎಂದು ಕರೆಯುತ್ತೇನೆ, ಅದು ಅವನ ನಿಜವಾದ ಹೆಸರಲ್ಲ. ಅವನ ಊರನ್ನು ಹೇಳುವುದಿಲ್ಲ. ಅವನ ತಂದೆಯ ಹೆಸರನ್ನಂತೂ ಹೇಳುವುದೇ ಇಲ್ಲ.

ನ್ಯೂಯಾರ್ಕಿನಲ್ಲಿ ಆ ಎರಡು ಕಟ್ಟಡಗಳು ಕುಸಿದಾಗ ನಾವು ಅಮೆರಿಕದ ಪಶ್ಚಿಮ ತುದಿಯ ಸ್ಯಾನ್ ಹೊಸೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಗಳು ಶರಣ್ಯಾಗೆ ಆಗ ನಾಲ್ಕು ವರ್ಷ. ತಿಂಗಳು ತುಂಬುವ ಮೊದಲೇ ಅಮೆರಿಕದ ವಿಮಾನಗಳು ಅಫ್ಘಾನಿಸ್ತಾನದ ಮೇಲೆ ಬಾಂಬು ಹಾಕಿದವು, ಹಿಂದೆಯೇ ಸೈನ್ಯ ನುಗ್ಗಿತು. ಬಾಂಬು ಹಾಕಿದವರೇ ಆಮೇಲೆ ಅಲ್ಲಿ ರಸ್ತೆ, ಸೇತುವೆ, ಶಾಲೆ ಕಟ್ಟಿಸಲು ಟೆಂಡರು ಕರೆದರು. ಬೇರೆಯವರ ಮನೆ ಕೆಡವಿ ಆಮೇಲೆ ಸುಣ್ಣ ಬಳಿದುಕೊಡುವ ಈ ಧಾರಾಳತನ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿ ನಾವೂ ಇರಲಿಲ್ಲ. ೨೦೦೯ರಲ್ಲಿ ನನ್ನ ಗಂಡ ಅಚ್ಯುತ ಕೆಲಸ ಕಳೆದುಕೊಂಡು ಎಂಟು ತಿಂಗಳಾಗಿತ್ತು. ಅವರು ರಸ್ತೆ ಎಂಜಿನಿಯರು. ಅಫ್ಘಾನಿಸ್ತಾನದಲ್ಲಿ ರಸ್ತೆ ಹಾಕುವ ಒಂದು ಕಂಟ್ರಾಕ್ಟು ಕಂಪನಿ ಅವರನ್ನು ಕರೆಯಿತು. ಬೇಡವೆಂದೆ, ಅತ್ತೆ, ರಂಪ ಮಾಡಿದೆ. ಕೊನೆಗೆ ಸೂಟ್‌ಕೇಸು ತುಂಬಿದವಳೂ ನಾನೇ.

ಮೂರು ವರ್ಷ ನಾನು ಫೋನಿಗೆ ಹೆದರಿಕೊಂಡು ಬದುಕಿದೆ.

ಅಲ್ಲಿ ಅಚ್ಯುತರಿಗೆ ದುಭಾಷಿಯಾಗಿ ಸಿಕ್ಕವನು ನಸ್ರತ್. ಆಗ ಇಪ್ಪತ್ತೆರಡು ವರ್ಷದವನು. ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತಿದ್ದ. ಮಾತಿಗೂ ಅವನೇ, ಅಳತೆಯ ಟೇಪು ಹಿಡಿಯುವುದಕ್ಕೂ ಅವನೇ. ಒಂದು ಬೆಳಿಗ್ಗೆ ಇಬ್ಬರೂ ಹೊಸದಾಗಿ ಕಟ್ಟಿದ ಒಂದು ಮೋರಿ ನೋಡಲು ಹೋದರು. ರಸ್ತೆಯಡಿ ನೀರು ಹರಿಯಲು ಕಟ್ಟುವಂಥ ಸಣ್ಣ ಮೋರಿ. ಅಚ್ಯುತ ಬಗ್ಗಿ ಒಳಗೆ ಇಣುಕಲು ಹೊರಟರಂತೆ. ನಸ್ರತ್ ಹಿಂದಿನಿಂದ ಕೊರಳಪಟ್ಟಿ ಹಿಡಿದು ಎಳೆದು ಕೆಡವಿದ. ದಿನಾ ಅಲ್ಲಿ ಆಡು ಮೇಯಿಸುತ್ತಿದ್ದ ಒಬ್ಬರೂ ಆವತ್ತು ಕಾಣಲಿಲ್ಲವೆಂದು ಅವನಿಗೆ ಅನುಮಾನ ಬಂದಿತ್ತು. ಮೋರಿಯೊಳಗೆ ಬಾಂಬು ಹುದುಗಿಸಿಟ್ಟಿದ್ದರು. ಸೈನ್ಯದವರು ಬಂದು ಅದನ್ನು ಸಿಡಿಸಿದಾಗ ಮೋರಿಯ ಕಲ್ಲೊಂದು ಕಾಲು ಮೈಲಿ ದೂರ ಹೋಗಿ ಬಿತ್ತು. ಇದನ್ನೆಲ್ಲ ಅಚ್ಯುತ ನನಗೆ ಹೇಳಿದ್ದು ಪೂರ್ತಿ ವಾಪಸು ಬಂದಮೇಲೆ, ೨೦೧೨ರಲ್ಲಿ, ಪಾತ್ರೆ ತೊಳೆಯುತ್ತಾ, ತರಕಾರಿ ಬೆಲೆ ಹೇಳಿದ ಹಾಗೆ.

ಆ ವರ್ಷದ ರಾಜ್ಯೋತ್ಸವಕ್ಕೆ ಸಂಘದವರು ಅಚ್ಯುತರಿಗೆ ಸನ್ಮಾನ ಇಟ್ಟುಕೊಂಡರು. ಯುದ್ಧಭೂಮಿಯಲ್ಲಿ ರಸ್ತೆ ಕಟ್ಟಿ ಬಂದ ಕನ್ನಡಿಗ ಎಂದು ಶಾಲು, ಪೇಟ, ಹಣ್ಣಿನ ಬುಟ್ಟಿ. ವಂದನಾರ್ಪಣೆ ಎಂದಿನಂತೆ ನನ್ನದು. ಹಿಂದಿನ ದಿನ ಅಚ್ಯುತ ನನ್ನ ಹತ್ತಿರ ಬಂದು ನಿಂತರು.

"ನಸ್ರತ್ ಹೆಸರು ಹೇಳ್ಬೇಡ, ಇಂದು. ಅಲ್ಲಿಯ ಕೆಲಸದವರ ಹೆಸರು ಎಲ್ಲೂ ಹೇಳಬಾರದು ಅಂತ ಕಂಪನಿ ರೂಲು."

"ಹೆಸರು ಹೇಳದೆ ಯಾರಿಗ್ರೀ ವಂದನೆ ಮಾಡೋದು? ನಿಮ್ಮ ಜೀವ ಉಳಿಸಿದೋನನ್ನ 'ಯಾರೋ ಒಬ್ಬ' ಅನ್ನಲಾ? ಅವನ ಹೆಸರು ಬೇಕು, ಅವರಪ್ಪನ ಹೆಸರು ಬೇಕು, ಊರೂ ಬೇಕು. ಫೋನ್ ಮಾಡಿ ಕೇಳಿ."

"ವಿಡಿಯೋ ಮಾಡಿ ಹಾಕ್ತಾರೆ ಕಣೆ."

"ಹಾಕ್ಲಿ. ನಾನು ಹೇಳೋದು ಕನ್ನಡದಲ್ಲಿ ತಾನೆ? ಅಲ್ಲಿ ಯಾರಿಗೆ ಅರ್ಥ ಆಗುತ್ತೆ?"

ಅಚ್ಯುತ ಸ್ವಲ್ಪ ಯೋಚಿಸಿದರು. "ಅದೂ ನಿಜಾನೇ," ಎಂದರು.

ನೋಡಿ, ನಾವು ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತು, ಮುಂದೆ ನಿಂತವರ ಕೂದಲಿನ ಬಣ್ಣದ ಬಗ್ಗೆ ಅವರ ಎದುರಿಗೇ ಆಡಿಕೊಂಡು ಬಂದ ಜನ. ಡಾಕ್ಟರ ಮುಂದೆ ಕೂತು ಡಾಕ್ಟರನ್ನೇ ಬೈದುಕೊಂಡವರು. ಈ ದೇಶದಲ್ಲಿ ಕನ್ನಡ ಎಂದರೆ ನಾವು ಒಳಗಿನಿಂದ ಚಿಲಕ ಹಾಕಿಕೊಂಡ ಕೋಣೆ ಎಂದು ತಿಳಿದಿದ್ದೆವು. ಮನುಷ್ಯನ ಹೆಸರು ಯಾವ ಭಾಷೆಯ ನಡುವೆ ಬಂದರೂ ಹೆಸರಾಗಿಯೇ ಕೇಳಿಸುತ್ತದೆ ಎಂದು ಇಬ್ಬರು ಓದಿದವರಿಗೆ ಹೊಳೆಯಲಿಲ್ಲ.

ಹೇಳಿದೆ. ಉಚ್ಚಾರ ತಪ್ಪಬಾರದೆಂದು ಹತ್ತು ಸಲ ಅಭ್ಯಾಸ ಮಾಡಿಕೊಂಡು ಹೇಳಿದೆ. ಇಂಥ ಜಿಲ್ಲೆಯ ಇಂಥ ಊರಿನ ಹಿರಿಯರಾದ ಇಂಥವರ ಸುಪುತ್ರ, ನನ್ನ ಮಾಂಗಲ್ಯ ಕಾಪಾಡಿದ ಸಹೋದರ ಎಂದೆ. ಊಟದ ಸಾಲಿನಲ್ಲಿದ್ದವರೂ ತಿರುಗಿ ಚಪ್ಪಾಳೆ ಹೊಡೆದರು. ಅಚ್ಯುತ ಆ ವಿಡಿಯೋದ ಲಿಂಕು ನಸ್ರತ್‌ಗೆ ಕಳಿಸಿದರು. ಅವನ ತಂದೆ ಅದನ್ನು ಊರಿಗೆಲ್ಲ ತೋರಿಸಿದರಂತೆ. ನಾಲ್ಕನೇ ನಿಮಿಷದ ಹದಿನೇಳನೇ ಸೆಕೆಂಡಿಗೆ ತನ್ನ ಹೆಸರು ಬರುತ್ತದೆ ಎಂದು ಮುದುಕರಿಗೆ ಬಾಯಿಪಾಠವಾಗಿತ್ತಂತೆ. ಅಮೆರಿಕದಲ್ಲಿ ಒಬ್ಬ ಹೆಂಗಸು ಜನರ ಮುಂದೆ ನಿಂತು ತಮ್ಮ ಹೆಸರು ಹೇಳಿದಳೆಂದು ಅವರಿಗೆ ಅಷ್ಟು ಸಂತೋಷ. ಕೇಳಿ ನಾನೂ ಹಿಗ್ಗಿದೆ.

ಅದಾಗಿ ಒಂಬತ್ತು ವರ್ಷ.

೨೦೨೧ರ ಆಗಸ್ಟಿನಲ್ಲಿ ಅಮೆರಿಕದ ಸೈನ್ಯ ವಾಪಸು ಹೊರಟಿತು, ತಾಲಿಬಾನಿನವರು ಕಾಬೂಲಿಗೆ ಬಂದರು. ಆವತ್ತು ಭಾನುವಾರ. ನಮ್ಮ ಮನೆಯ ಹಿಂದಿನ ಎವರ್‌ಗ್ರೀನ್ ಗುಡ್ಡಗಳು ಕಾಡ್ಗಿಚ್ಚಿನ ಹೊಗೆಯಲ್ಲಿ ಕಾಣುತ್ತಿರಲಿಲ್ಲ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತಿದ್ದೆವು. ಅಚ್ಯುತ ಟೀವಿಯ ಮುಂದಿನಿಂದ ಏಳಲಿಲ್ಲ. ಪರದೆಯ ಮೇಲೆ ಬಂದೂಕು ಹಿಡಿದವರನ್ನು ತುಂಬಿಕೊಂಡ ಟ್ರಕ್ಕುಗಳ ಸಾಲು ಹೋಗುತ್ತಿತ್ತು.

"ಎಷ್ಟು ಬೇಗ ಬಂದುಬಿಟ್ರು ನೋಡು. ಮೊದಲಾಗಿದ್ರೆ ಆ ದಾರೀಲಿ ಎರಡು ದಿನ ಆಗ್ತಿತ್ತು," ಎಂದರು. "ನಾನೇ ಹಾಕಿದ ರೋಡು ಅದು."

ಆ ಹೊತ್ತಿನಲ್ಲಿ ನನಗೆ ವಿಡಿಯೋ ನೆನಪಿಗೇ ಬಂದಿರಲಿಲ್ಲ. ಮಂಗಳವಾರ ಬೆಳಿಗ್ಗೆ ನಸ್ರತ್‌ನ ವಾಯ್ಸ್ ಮೆಸೇಜು ಬಂತು. ಪಿಸುಮಾತಿನಲ್ಲಿ ಹಿಂದಿಯಲ್ಲಿ ಹೇಳಿದ್ದ. ತಾನು ಕಾಬೂಲಿನಲ್ಲಿ ಯಾರದೋ ಮನೆಯಲ್ಲಿ ಅಡಗಿದ್ದೇನೆ. ತಂದೆ, ತಾಯಿ, ಹೆಂಡತಿ, ನಾಲ್ಕು ವರ್ಷದ ಮಗಳು ಊರಿನಲ್ಲೇ ಇದ್ದಾರೆ. ಅಮೆರಿಕದವರ ಜೊತೆ ಕೆಲಸ ಮಾಡಿದವರನ್ನು ಹುಡುಕುತ್ತಿದ್ದಾರೆ. ಎಂಜಿನಿಯರ್ ಸಾಬ್, ಭಾಭೀಜಾನ್ ಅವರ ಆ ವಿಡಿಯೋ ಬೇಗ ತೆಗೆಸಿಬಿಡಿ. ಯಾರೋ ಅದನ್ನು ತಾಲಿಬಾನಿನವರ ಕೈಗೆ ಕೊಟ್ಟಿದ್ದಾರೆ.

ಶರಣ್ಯಾಳ ಕೋಣೆಗೆ ಓಡಿದೆ.

ಶರಣ್ಯಾ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋ ಹುಡುಕಿ ತೆರೆದಳು. ನಮ್ಮ ಸಂಘದ ವಿಡಿಯೋಗಳನ್ನು ನೋಡುವವರು ಅದರಲ್ಲಿ ಹಾಡಿದ ಮಕ್ಕಳ ಅಪ್ಪ ಅಮ್ಮ ಮಾತ್ರ. ಒಂಬತ್ತು ವರ್ಷದಲ್ಲಿ ಮುನ್ನೂರು ಜನ ನೋಡಿದ್ದರೆ ಹೆಚ್ಚು.

"ಅಮ್ಮಾ, ದಿಸ್ ಇಸ್ ನಾಟ್ ನಾರ್ಮಲ್," ಎಂದಳು. "ಏಟೀನ್ ಹಂಡ್ರೆಡ್ ವ್ಯೂಸ್. ಮೋಸ್ಟ್ ಆಫ್ ದೆಮ್ ದಿಸ್ ವೀಕ್."

ಕೆಳಗೆ ಹೊಸ ಕಾಮೆಂಟುಗಳಿದ್ದವು, ಬಲದಿಂದ ಎಡಕ್ಕೆ ಬರೆಯುವ ಲಿಪಿಯಲ್ಲಿ. ಅವನ್ನು ಓದಿಸುವ ಧೈರ್ಯ ನಮಗಾಗಲಿಲ್ಲ. ಇನ್ನೊಮ್ಮೆ ಪುಟ ತೆರೆದಾಗ ಸಂಖ್ಯೆ ಹನ್ನೊಂದು ಹೆಚ್ಚಾಗಿತ್ತು.

ತೆಗೆಯುವುದು ಯಾರು? ವಿಡಿಯೋಗಳೆಲ್ಲ ಅನಂತಪದ್ಮನಾಭ ಅವರ ಖಾತೆಯಲ್ಲಿದ್ದವು. ಆಗಿನ ಕಾಲಕ್ಕೆ ಅವರೇ ಟ್ರೈಪಾಡು ಹೊತ್ತು ತಂದು, ಎಲ್ಲವನ್ನೂ ಚಿತ್ರೀಕರಿಸಿ, ಆನ್‌ಲೈನಿಗೆ ಹಾಕುತ್ತಿದ್ದವರು. ೨೦೧೪ರ ಯುಗಾದಿಯ ದಿನ, ಕ್ಯಾಮೆರಾ ಹಿಂದೆ ನಿಂತಿದ್ದ ಆ ಮನುಷ್ಯ ನನ್ನ ಕಣ್ಣಿಗೆ ಬೀಳಲಿಲ್ಲ. ವಂದನಾರ್ಪಣೆಯಲ್ಲಿ ಅವರ ಹೆಸರು ಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಬಿಟ್ಟ ಒಂದೇ ಹೆಸರು. ಅವರು ಟ್ರೈಪಾಡು ಮಡಚಿಕೊಂಡು ಹೋದವರು ಸಂಘಕ್ಕೆ ಮತ್ತೆ ಕಾಲಿಡಲಿಲ್ಲ. ಪಾಸ್‌ವರ್ಡನ್ನೂ ಕೊಡಲಿಲ್ಲ. ಎರಡು ಸಲ ಕೇಳಿಸಿದ್ದೆವು, "ನೆನಪಿಲ್ಲ" ಎಂದಿದ್ದರು. ಆಗ ನಾನೂ "ಹೋಗಲಿ ಬಿಡಿ, ಸೊಕ್ಕು" ಎಂದು ನಾಲ್ಕು ಜನರ ಮುಂದೆ ಆಡಿದ್ದೆ. ಆ ಮಾತು ಅವರಿಗೆ ಮುಟ್ಟಿತ್ತೆಂದೂ ಗೊತ್ತಿತ್ತು.

ವಿಡಿಯೋ ಕಂಪನಿಗೆ ಶರಣ್ಯಾ ದೂರು ಕಳಿಸಿದಳು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಕಾಯುತ್ತಾ ಕೂರಲು ನನ್ನಿಂದಾಗಲಿಲ್ಲ. ಅನಂತಪದ್ಮನಾಭ ಫೋನು ಎತ್ತಲಿಲ್ಲ. ಕಾರು ತೆಗೆದುಕೊಂಡು ಅವರ ಮನೆಯಿದ್ದ ಲಾಸ್ ಆಲ್ಟೋಸಿಗೆ ಹೊರಟೆ. ಹೊಗೆಯಲ್ಲಿ ಸೂರ್ಯ ಕೆಂಪು ಬೊಟ್ಟಿನಂತಿದ್ದ. ಫ್ರೀವೇ ಉದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಈಗ ಎಷ್ಟಾಗಿರಬಹುದು, ಎರಡು ಸಾವಿರವೇ?

ಅವರೇ ಬಾಗಿಲು ತೆರೆದರು. ಎಪ್ಪತ್ತು ದಾಟಿತ್ತು, ಕೂದಲು ಪೂರ್ತಿ ಹಣ್ಣಾಗಿತ್ತು. ಮಾಸ್ಕು ಹಾಕಿಕೊಂಡು, ನನ್ನನ್ನು ಆರಡಿ ದೂರ ನಿಲ್ಲಿಸಿದರು.

"ಓಹೋ, ಇಂದು ಅವರು. ನನ್ನ ಹೆಸರು ನೆನಪಿದೆಯಾ?"

"ಸಾರ್, ಒಬ್ಬರ ಪ್ರಾಣದ ವಿಷಯ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

"ಏಳು ವರ್ಷ ಯಾರ ಪ್ರಾಣವೂ ಅಡ್ಡ ಬರಲಿಲ್ವೇನಮ್ಮ?"

ನನಗೆ ಸಿಟ್ಟು ನೆತ್ತಿಗೇರಿತು. ಈ ಮುದುಕನ ಜೊತೆ ಜಗಳವಾಡಲು ಕೈಯಲ್ಲಿ ಸಮಯವಿಲ್ಲ ಎಂದು ಇನ್ನೂ ಸಿಟ್ಟು. ಆ ಆರಡಿ ದಾಟಿ ಹೋಗಿ ಜಗಲಿಯ ಸಿಮೆಂಟಿನ ಮೇಲೆ ಮಂಡಿಯೂರಿ, ಅವರ ಕಾಲಿಗೆ ತಲೆ ಹಚ್ಚಿದೆ. ಪಕ್ಕದ ಮನೆಯ ಅಮೆರಿಕನ್ ಹೆಂಗಸು ಗಿಡಕ್ಕೆ ನೀರು ಹಾಕುತ್ತಿದ್ದವಳು ಪೈಪು ಹಿಡಿದು ನೋಡುತ್ತಾ ನಿಂತಳು.

"ಏಳಮ್ಮ, ಏಳು! ಏನಿದು!" ಅನಂತಪದ್ಮನಾಭ ಬೆದರಿ ಹಿಂದೆ ಸರಿದರು.

ನಾನು ಎಲ್ಲ ಹೇಳಿದೆ. ಅವರು ಆಮೇಲೆ ಒಳಗೆ ಕರೆದು, ಕಂಪ್ಯೂಟರಿನ ಮುಂದೆ ಕೂತರು. ಪಾಸ್‌ವರ್ಡು ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು. ಬೇರೆ ದಾರಿ ಹಿಡಿದರೆ, ಹಳೆಯ ಫೋನ್ ನಂಬರಿಗೆ ಕೋಡು ಕಳಿಸುತ್ತೇವೆ ಎನ್ನುತ್ತಿತ್ತು. ಆ ನಂಬರು ಬಿಟ್ಟು ಐದು ವರ್ಷವಾಗಿತ್ತು. ಅವರು ಒತ್ತುವ ಅಕ್ಷರಗಳು ತಪ್ಪುತ್ತಿದ್ದವು. ಗುರುತಿನ ಪತ್ರದ ಫೋಟೋ, ಹಳೆಯ ಇಮೇಲು, ಕೇಳಿದ್ದನ್ನೆಲ್ಲ ಕೊಟ್ಟಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಸುರಕ್ಷತೆಯ ದೃಷ್ಟಿಯಿಂದ ಎಪ್ಪತ್ತೆರಡು ಗಂಟೆ ಕಾಯಬೇಕು.

"ಸುರಕ್ಷತೆ," ಎಂದು ಅವರು ಅದನ್ನೇ ಮತ್ತೆ ಓದಿದರು. "ನಾನು ಆವತ್ತೇ ಪಾಸ್‌ವರ್ಡು ಕೊಟ್ಟಿದ್ರೆ..."

"ನಾನು ಆವತ್ತು ನಿಮ್ಮ ಹೆಸರು ಹೇಳಿದ್ರೆ," ಎಂದೆ ನಾನು.

ಆ ಮೂರು ದಿನಗಳನ್ನು ಹೇಗೆ ಕಳೆದೆನೆಂದು ಕೇಳಬೇಡಿ. ಅಡುಗೆ ಮಾಡುತ್ತಿದ್ದೆ, ಯಾರೂ ಉಣ್ಣುತ್ತಿರಲಿಲ್ಲ. ಬುಧವಾರ ಎರಡು ಸಾವಿರದ ಮುನ್ನೂರು. ಗುರುವಾರ ಮೂರು ಸಾವಿರ. ಶರಣ್ಯಾ ನನ್ನ ಕೈಯಿಂದ ಲ್ಯಾಪ್‌ಟಾಪು ಕಿತ್ತುಕೊಂಡಳು. ನಾವು ನೋಡಿದರೂ ಸಂಖ್ಯೆ ಏರುತ್ತದೆ, ಹುಡುಕುವವರಿಗೆ ಮೊದಲು ಅದೇ ಕಾಣುತ್ತದೆ ಎಂದಳು. ನಾನು ನೋಡಿ ನೋಡಿ ಅದಕ್ಕೆ ಇನ್ನಷ್ಟು ಬಲ ಕೊಟ್ಟಿದ್ದೆನೇ ಎಂದು ಹೊಸ ಹೆದರಿಕೆ ಶುರುವಾಯಿತು.

ಗುರುವಾರ ಮಧ್ಯಾಹ್ನ ನಸ್ರತ್ ಒಂದು ಚಿಕ್ಕ ವಿಡಿಯೋ ಕಳಿಸಿದ. ಅವನ ಊರಿನ ಯಾರೋ ಕದ್ದು ತೆಗೆದು ಅವನಿಗೆ ಕಳಿಸಿದ್ದು. ಅಚ್ಯುತ ನನಗೆ ತೋರಿಸಬಾರದೆಂದು ಫೋನು ತೆಗೆದುಕೊಂಡು ಗರಾಜಿಗೆ ಹೋಗಿದ್ದರು. ನಾನು ಹಿಂದೆಯೇ ಹೋದೆ. ಒಂದು ಚಹಾದ ಅಂಗಡಿ, ಕಂಬಳಿ ಹಾಸಿದ ಜಗಲಿ. ನಾಲ್ಕೈದು ಜನ ಗಡ್ಡದವರು. ಒಬ್ಬನ ತೊಡೆಯ ಮೇಲೆ ಬಂದೂಕು, ಬಂದೂಕಿನ ಮೇಲೆ ಒರಗಿಸಿಟ್ಟ ಫೋನು. ಫೋನಿನಲ್ಲಿ ಹಸಿರು ರೇಷ್ಮೆ ಸೀರೆಯ ಒಂದು ಚುಕ್ಕೆ. ಅದು ನಾನು. ನನ್ನ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಹಿರಿಯರಾದ..." ಎಂದೆ, ಹೆಸರು ಹೇಳಿದೆ, "ಅವರ ಸುಪುತ್ರ..." ಎಂದೆ. ಅವನು ಬೆರಳಿನಿಂದ ಹಿಂದಕ್ಕೆ ಸರಿಸಿದ. ಮತ್ತೆ "ಹಿರಿಯರಾದ..." ಎಂದೆ. ಯಾರೋ ನಕ್ಕರು. ಕನ್ನಡದ ಒಂದು ಅಕ್ಷರ ಅವರಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಬೇಕಾದದ್ದನ್ನು ಉಚ್ಚಾರ ತಪ್ಪದೆ ನಾನೇ ಹೇಳಿಕೊಟ್ಟಿದ್ದೆ.

ನಾನು ಗರಾಜಿನ ನೆಲದ ಮೇಲೆ ಕೂತು ಕಿವಿ ಮುಚ್ಚಿಕೊಂಡೆ. ಅಚ್ಯುತ ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ತಪ್ಪು ನಂದೂ ಇದೆ ಕಣೆ. ನಾನು ಹೂಂ ಅಂದೆ," ಎಂದರು. ಅದರಿಂದ ನನಗೆ ಏನೂ ಸಮಾಧಾನವಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಅನಂತಪದ್ಮನಾಭ ಫೋನು ಮಾಡಿದರು. ಆ ಮೂರು ದಿನ ಅವರೂ ಕಂಪ್ಯೂಟರಿನ ಮುಂದಿನಿಂದ ಎದ್ದಿರಲಿಲ್ಲವಂತೆ. "ತೆಗೆದೆ," ಎಂದರು. "ಅದೊಂದೇ ಅಲ್ಲ, ಎಲ್ಲಾ ತೆಗೆದುಬಿಟ್ಟೆ. ಹತ್ತು ವರ್ಷದ್ದು ಎಲ್ಲಾ." ಆಮೇಲೆ ಅಷ್ಟು ವಯಸ್ಸಾದ ಮನುಷ್ಯ ಫೋನಿನಲ್ಲಿ ಅತ್ತುಬಿಟ್ಟರು.

ಎರಡು ದಿನ ನಸ್ರತ್‌ನಿಂದ ಸುದ್ದಿಯಿಲ್ಲ. ಭಾನುವಾರ ಮೆಸೇಜು ಬಂತು. ತಂದೆಯನ್ನು ವಿಚಾರಣೆಗೆಂದು ಕರೆದುಕೊಂಡು ಹೋಗಿದ್ದಾರೆ. ಊರಿನ ಪ್ರತಿ ಮನೆಯಿಂದಲೂ ಒಬ್ಬ ಹಿರಿಯರನ್ನು ಒಯ್ದಿದ್ದಾರೆ, ಇದಕ್ಕೂ ವಿಡಿಯೋಕ್ಕೂ ಸಂಬಂಧವಿಲ್ಲ, ಭಾಭೀಜಾನ್‌ಗೆ ಹೇಳಿ. ಕೊನೆಯ ಮಾತನ್ನು ಎರಡು ಸಲ ಹೇಳಿದ್ದ.

ಆ ಮುದುಕರು ವಾಪಸು ಬರಲಿಲ್ಲ. ಚಳಿಗಾಲದಲ್ಲಿ, ಅವರು ಇಲ್ಲ ಎಂದು ಯಾರೋ ಮನೆಗೆ ತಿಳಿಸಿದರಂತೆ. ಹೇಗೆ, ಎಲ್ಲಿ ಎಂದು ಹೇಳಲಿಲ್ಲ. ನಸ್ರತ್ ಪ್ರತಿ ಸಲವೂ ನನಗೆ ಅದೇ ಮಾತು ಕಳಿಸಿದ: ವಿಡಿಯೋದಿಂದ ಅಲ್ಲ, ಭಾಭೀ. ಅಚ್ಯುತ ಹಾಗೆಯೇ ಹೇಳಿದರು, ಶರಣ್ಯಾ ಹಾಗೆಯೇ ಹೇಳಿದಳು. ನಾನು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಡಿದುಕೊಂಡರೆ ನಿದ್ದೆ ಬರುತ್ತಿತ್ತು.

ಉಳಿದವರು ಬೆಟ್ಟ ದಾಟಿ ಪಾಕಿಸ್ತಾನ ಸೇರಿದರು. ಅಮೆರಿಕದವರ ಜೊತೆ ದುಡಿದವರಿಗೆಂದು ಒಂದು ವೀಸಾ ಇತ್ತು. ಅಚ್ಯುತರ ಹಳೆಯ ಕಂಪನಿ ಬಾಗಿಲು ಹಾಕಿತ್ತು. ಅವರೇ ಕೂತು ಪತ್ರದ ಮೇಲೆ ಪತ್ರ ಬರೆದರು, ಯಾರ್‍ಯಾರನ್ನೋ ಹುಡುಕಿ ಸಹಿ ಮಾಡಿಸಿದರು. ಎರಡು ವರ್ಷ ಹಿಡಿಯಿತು. ೨೦೨೩ರ ಅಕ್ಟೋಬರಿನಲ್ಲಿ ನಸ್ರತ್, ಅವನ ತಾಯಿ, ಹೆಂಡತಿ, ಆರು ವರ್ಷದ ಮಗಳು ಸ್ಯಾನ್ ಹೊಸೆಗೆ ಬಂದಿಳಿದರು.

ನಮ್ಮ ಸಂಘದವರ ಬಗ್ಗೆ ನಾನು ಏನೇ ಆಡಿಕೊಳ್ಳಲಿ, ಅವತ್ತು ಅವರು ನಿಂತ ರೀತಿಗೆ ಕೈ ಮುಗಿಯಬೇಕು. ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು ಸಿಕ್ಕಿತು. ಒಬ್ಬರು ಹಾಸಿಗೆ ತಂದರು, ಒಬ್ಬರು ಕುಕ್ಕರು, ಇನ್ನೊಬ್ಬರು ಮಗುವಿಗೆ ಶಾಲೆಯ ಚೀಲ. ಅನಂತಪದ್ಮನಾಭ ತಮ್ಮ ಊಟದ ಮೇಜನ್ನೇ ಕಳಿಸಿದರು. "ಅಲ್ಲಿ ಕಟ್ಟಿದ್ದೆಲ್ಲ ಹೋಯ್ತು. ಇದೊಂದು ಮನೆನಾದ್ರೂ ನಿಲ್ಲಲಿ," ಎನ್ನುತ್ತಾ ಅಚ್ಯುತ ಗೋಡೆಗೆ ಮೊಳೆ ಹೊಡೆದರು.

ನಾನು ಮಾತ್ರ ಒಂದು ವಾರ ಹೋಗಲಿಲ್ಲ. ಜ್ವರ ಎಂದೆ, ಮಂಡಿ ನೋವು ಎಂದೆ. ಆ ತಾಯಿಯ ಮುಖ ನೋಡುವ ಧೈರ್ಯವಿರಲಿಲ್ಲ. ಕೊನೆಗೆ ನಸ್ರತ್‌ನೇ ಫೋನು ಮಾಡಿ, ಅಮ್ಮ ನಿಮ್ಮನ್ನು ಕೇಳುತ್ತಿದ್ದಾರೆ ಎಂದ. ಹಲ್ವ ಎಂದರೆ ಅವರಿಗೂ ಹಲ್ವವೇ ಎಂದು ಅಚ್ಯುತ ಹೇಳಿದರು. ಕ್ಯಾರೆಟ್ ತುರಿದು, ಕೈ ಧಾರಾಳ ಬಿಟ್ಟು ತುಪ್ಪ ಹಾಕಿ ಹಲ್ವ ಮಾಡಿದೆ. ಶನಿವಾರ ಬೆಳಿಗ್ಗೆ ಇಬ್ಬರೂ ಹೋದೆವು.

ಬಾಗಿಲಲ್ಲಿ ನಾನು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದೆ. ಮಾತಾಡಲಿಲ್ಲ. ಅವರ ಭಾಷೆ ಬಾರದು. ನಸ್ರತ್‌ನ ತಾಯಿ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ದ್ವೇಷವಿದ್ದರೆ ಹೀಗೆ ಮುಟ್ಟುತ್ತಾರೆಯೇ? ನಿಜವಾಗಿಯೂ ವಿಡಿಯೋದಿಂದ ಅಲ್ಲ, ಎಂದುಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ಅದು ನಿಜವೆನಿಸಿತು.

ನೆಲದ ಮೇಲೆ ಹೊಸ ಕಂಬಳಿ ಹಾಸಿದ್ದರು. ಅಚ್ಯುತ, ನಸ್ರತ್ ಕಿಟಕಿಯ ಹತ್ತಿರ ಕೂತು ಕೆಲಸದ ವಿಷಯ ಮಾತಾಡುತ್ತಿದ್ದರು. ಹುಡುಗಿ ಮೆಲ್ಲಗೆ ಬಂದು ನನ್ನ ಬಳೆಗಳನ್ನು ಮುಟ್ಟಿ ನೋಡಿದಳು. ನಾನು ಹಲ್ವ ಬಡಿಸಿಕೊಟ್ಟೆ. ಒಂದು ಚಮಚ ತಿಂದು ಕಣ್ಣರಳಿಸಿದಳು, ಇನ್ನೊಂದು ತಿಂದಳು, ಆಮೇಲೆ ನನ್ನ ತೊಡೆಗೆ ಒರಗಿ ಕೂತಳು. ತೆಳುವಾದ ಫ್ರಾಕು, ಬರಿಗಾಲು. ಬಾಗಿಲು ತೆರೆದೇ ಇತ್ತು. ಮೈ ಸಣ್ಣಗೆ ನಡುಗುತ್ತಿತ್ತು ಮಗುವಿಗೆ.

"ರೀ, ಆ ಬಾಗಿಲು ಹಾಕ್ತೀರಾ?" ಎಂದೆ. "ಮಗೂಗೆ ಚಳಿ ಆಗ್ತಿದೆ."

ಚಮಚ ಕಂಬಳಿಯ ಮೇಲೆ ಬಿತ್ತು. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಾಗೆಯೇ ಕೂತಲ್ಲಿಂದ ಹಿಂದೆ ಹಿಂದೆ ಸರಿದಳು, ಎದ್ದಳು, ಓಡಿಹೋಗಿ ಅಪ್ಪನ ಮೇಲೆ ಬಿದ್ದು, ಎರಡೂ ಅಂಗೈಯಿಂದ ಅವನ ಬಾಯಿಯನ್ನು ಮುಚ್ಚಿ ಒತ್ತಿ ಹಿಡಿದಳು. ಕೂಗಲಿಲ್ಲ, ಅಳಲಿಲ್ಲ. ಅಪ್ಪ ಒಂದು ಮಾತೂ ಆಡದ ಹಾಗೆ ಮೈಯ ಬಲವೆಲ್ಲ ಹಾಕಿ ಒತ್ತುತ್ತಿದ್ದಳು.

"ಏನಾಯ್ತು? ಏನಾಯ್ತು ಮಗೂ?" ಎಂದು ನಾನು ಎದ್ದೆ. ನನ್ನ ಮಾತು ಕೇಳಿದ್ದೇ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅವಳ ಅಜ್ಜಿ ನನ್ನ ತೋಳು ಹಿಡಿದು, ತಮ್ಮ ತುಟಿಯ ಮೇಲೆ ಬೆರಳಿಟ್ಟರು.

ನಸ್ರತ್ ಮಗಳ ಕೈಗಳನ್ನು ಮೆಲ್ಲಗೆ ಬಿಡಿಸಲು ನೋಡಿದ. ಆಗಲಿಲ್ಲ. ಅವನ ಹೆಂಡತಿ ಬಂದು ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಸ್ರತ್ ಏನೋ ಹೇಳಲು ನನ್ನ ಕಡೆ ತಿರುಗಿದ. ಅಚ್ಯುತ ಅವನ ಭುಜ ಹಿಡಿದು, ಬೇಡ ಎನ್ನುವ ಹಾಗೆ ಅದುಮಿದರು. ಆಗ ನನಗೆ ತಿಳಿಯಿತು, ಇವರಿಬ್ಬರಿಗೂ ಗೊತ್ತಿತ್ತು.

ಹೇಳಪ್ಪ ಎಂದು ನಾನು ಬಾಯಿ ತೆರೆಯದೆ ಕೈಸನ್ನೆ ಮಾಡಿದೆ.

"ಅವರು ನಮ್ಮ ಅಂಗಳಕ್ಕೆ ಬಂದರು, ಭಾಭೀ," ಎಂದ ಹಿಂದಿಯಲ್ಲಿ. "ಫೋನಿನಲ್ಲಿ ನಿಮ್ಮ ವಿಡಿಯೋ ಹಚ್ಚಿದರು. ಅಪ್ಪನ ಹೆಸರು ಬಂದಾಗ ನಿಲ್ಲಿಸಿ ಕೇಳಿದರು, ಇದು ನಿನ್ನ ಹೆಸರೇ ಎಂದು. ಮೂರು ಸಲ ಹಚ್ಚಿದರು. ಅಮ್ಮ ಇಲ್ಲ ಎನ್ನಿ ಎಂದು ಸನ್ನೆ ಮಾಡಿದಳಂತೆ. ಅಪ್ಪ, ಹೌದು, ಅದು ನನ್ನದೇ ಹೆಸರು ಎಂದರು. ಇವಳು ಅಜ್ಜನ ತೊಡೆಯ ಮೇಲೆ ಕೂತಿದ್ದಳು."

ಕೋಣೆಯ ಬಾಗಿಲು ಯಾವಾಗಲೋ ಮತ್ತೆ ಸ್ವಲ್ಪ ತೆರೆದುಕೊಂಡಿತ್ತು. ಸಂದಿಯಲ್ಲಿ ಆ ಮಗುವಿನ ಒಂದು ಕಣ್ಣು ಕಾಣುತ್ತಿತ್ತು, ನನ್ನ ಬಾಯಿಯ ಮೇಲೇ ನೆಟ್ಟಿತ್ತು. ಕ್ಷಮಿಸು ಎನ್ನಬೇಕೆಂದು ನನ್ನ ಜೀವ ಹೊಡೆದುಕೊಂಡಿತು. ಹೇಳಲು ನನಗಿದ್ದದ್ದು ಅದೇ ಧ್ವನಿ. ಸೆರಗನ್ನು ಬಾಯಿಗೆ ತುರುಕಿಕೊಂಡು, ಅಚ್ಯುತ ಎಬ್ಬಿಸುವ ತನಕ ನಾನು ಅಲ್ಲೇ ಕೂತಿದ್ದೆ.